ತೇಗಿತಾ?

ನನ್ನ ಮಗಳು ಹುಟ್ಟುತ್ತಲೇ ಸಂಜೆಯ ಶಿಫ್ಟಿಗೆ ಸೇರಿಕೊಂಡವಳು. ಬೆಳಿಗ್ಗೆಯೆಲ್ಲ ಇಂಥ ಸಾಧು ಮಗು ಜಗತ್ತಿನಲ್ಲೇ ಇಲ್ಲ ಎನ್ನುವ ಹಾಗೆ ಕುಡಿದು, ಮಲಗಿ, ಎದ್ದು, ಫ್ಯಾನಿನ ಕಡೆ ನೋಡಿ ನಗುತ್ತಿದ್ದಳು. ಕುಂದಲಹಳ್ಳಿಯ ನಮ್ಮ ಬೀದಿಯಲ್ಲಿ ಕಂಪನಿಯ ಕ್ಯಾಬುಗಳು ಒಂದರ ಹಿಂದೊಂದು ನಿಂತು ಹಾರ್ನ್ ಹೊಡೆಯುವ ಹೊತ್ತಿಗೆ ಇವಳದೂ ಶುರು. ಎದೆಗೆ ಹಾಕಿಕೊಂಡರೆ ನಾಲ್ಕು ಗುಟುಕು ಗಟಗಟ ಕುಡಿಯುವಳು, ಕೆಮ್ಮುವಳು, ಬಾಯಿ ಬಿಡುವಳು, ಕೆಂಪಗಾಗಿ ಕಿರುಚುವಳು. ಮತ್ತೆ ಹಾಲಿಗೆ ಬಾಯಿ ಹಾಕುವಳು, ಮತ್ತೆ ಬಿಡುವಳು. ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಅಳುವ ಆ ಪುಟ್ಟ ಮೈಯಲ್ಲಿ ಅಷ್ಟು ದೊಡ್ಡ ದನಿ ಎಲ್ಲಿ ಅಡಗಿತ್ತೋ ಕಾಣೆ. ನಮ್ಮದು ಮೂರನೇ ಮಹಡಿ. ಅವಳು ಅತ್ತರೆ ಕೆಳಗಿನ ಪಾನಿಪುರಿ ಗಾಡಿಯವನು ತಲೆಯೆತ್ತಿ ನೋಡುತ್ತಿದ್ದ.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ನಾನು ತವರಿಗೆ ಹೋಗಲಿಲ್ಲ, ರಾಣೆಬೆನ್ನೂರಿನಿಂದ ತವರನ್ನೇ ಇಲ್ಲಿಗೆ ಕರೆಸಿಕೊಂಡೆ. ಅಂದರೆ ಅವ್ವ ಬಂದಳು. ಬರುವಾಗ ಜೋಳದ ಹಿಟ್ಟು, ಕೊಬ್ಬರಿ, ಉತ್ತತ್ತಿ, ಅಂಟು, ಅಳವಿ ಬೀಜ ಎಲ್ಲವನ್ನೂ ಚೀಲಗಟ್ಟಲೆ ತಂದಳು. ಇದೆಲ್ಲ ಇಲ್ಲೂ ಸಿಗುತ್ತದಲ್ಲ, ಹೊತ್ತುಕೊಂಡು ಬರುವುದೇನಿತ್ತು ಎಂದು ನನ್ನ ಗಂಡ ಕೇಳಿದ.

"ಸಿಗ್ತಾವ್ರಿ ಅಳಿಯಂದ್ರ. ಆದ್ರ ನಮ್ಮೂರವು ಸಿಗಂಗಿಲ್ಲಲ್ರಿ" ಎಂದಳು ಅವ್ವ.

ಮೊದಲ ವಾರ ಅವ್ವ ಮಗುವಿನ ಅಳುವನ್ನು ಸುಮ್ಮನೆ ಗಮನಿಸಿದಳು. ಸಂಜೆ ಕೈಕಾಲು ತೊಳೆದು, ಹಣೆಗೆ ವಿಭೂತಿ ಧರಿಸಿ ಅವಳು ಪೂಜೆಗೆ ಕೂರುವುದಕ್ಕೂ ಇವಳು ರಾಗ ತೆಗೆಯುವುದಕ್ಕೂ ಸರಿಹೋಗುತ್ತಿತ್ತು. ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿದ ಅವ್ವನ ಹುಬ್ಬು ಮಾತ್ರ ಮಗುವಿನ ಜೊತೆಗೇ ಏರಿಳಿಯುತ್ತಿತ್ತು. ಒಂದು ದಿನ ಪೂಜೆ ಮುಗಿಸಿ ಎದ್ದವಳೇ, ಎಷ್ಟೋ ದಿನದಿಂದ ನುಂಗಿಕೊಂಡಿದ್ದನ್ನು ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು: "ಯವ್ವಾ, ಹಾಲು ಸಾಲವಲ್ದು ಕೂಸಿಗೆ."

ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಎಷ್ಟೋ ಜನರಿಂದ ಎಂತೆಂಥ ಮಾತು ಕೇಳಿದ್ದೇನೆ. ಕೋಪ ಬಂದರೆ ಅಲ್ಲೇ ತಿರುಗಿಸಿ ಕೊಡುವುದು ನನ್ನ ಗುಣ. ಆದರೆ ಈ ಮಾತನ್ನು ನಾನೂ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಹಾಲು ಕುಡಿದ ಮಗು ಯಾಕೆ ಅಳುತ್ತದೆ? ಸಾಲದ್ದಕ್ಕೇ ಅಳುತ್ತದೆ. ನನ್ನ ಮಗಳಿಗೆ ನಾನು ಸಾಲುತ್ತಿಲ್ಲ ಎನ್ನುವ ಯೋಚನೆ ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಕೂತಿತ್ತು.

ಗಂಡ ಮಕ್ಕಳ ಡಾಕ್ಟರಿಗೆ ಫೋನು ಮಾಡಿದ. ಅವರು ಜ್ವರ ಇಲ್ಲವಲ್ಲ, ವಾಂತಿ ಇಲ್ಲವಲ್ಲ, ಬಟ್ಟೆ ಚೆನ್ನಾಗಿ ಒದ್ದೆ ಮಾಡುತ್ತಿದ್ದಾಳಲ್ಲ ಎಂದು ವಿಚಾರಿಸಿಕೊಂಡು, ಹಾಗಿದ್ದರೆ ಚುಚ್ಚುಮದ್ದಿನ ದಿನ ಕರೆದುಕೊಂಡು ಬನ್ನಿ, ತೂಕ ನೋಡೋಣ, ಅಲ್ಲಿಯವರೆಗೆ ಎದೆಹಾಲು ಬಿಟ್ಟು ಬಾಯಿಗೆ ಏನೂ ಹಾಕಬೇಡಿ ಎಂದರು. ತೂಕ ಏರಿದ್ದರೆ ಸರಿ. ಏರಿರದಿದ್ದರೆ ಮೇಲುಹಾಲು ಶುರುಮಾಡಬೇಕಾಗಬಹುದು. ಚುಚ್ಚುಮದ್ದಿಗೆ ಇನ್ನೂ ಎರಡು ವಾರವಿತ್ತು. ಮಗುವಿನ ಬಾಯಿಗೆ ಏನೂ ಹಾಕುವಂತಿಲ್ಲ ಎಂದಾದ ಮೇಲೆ ಎಲ್ಲವೂ ನನ್ನ ಬಾಯಿಗೇ ಬಂತು.

ಅವ್ವ ಅಳವಿ ಪಾಯಸ ಮಾಡಿದಳು. ಹಾಲು, ಬೆಲ್ಲ ಹಾಕಿ ಕುದಿಸಿದ ಅಳವಿ ಬೀಜ ಕುಡಿದರೆ ಬಾಣಂತಿಗೆ ಹಾಲು ಉಕ್ಕುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಬೆಳಿಗ್ಗೆ ಒಂದು ಬಟ್ಟಲು, ಮಧ್ಯಾಹ್ನ ಒಂದು ಬಟ್ಟಲು. ನಡುವೆ ಅಂಟಿನ ಉಂಡೆ. ಊಟಕ್ಕೆ ರೊಟ್ಟಿ, ಮೆಂತ್ಯದ ಪಲ್ಯ, ಸುಟ್ಟ ಬೆಳ್ಳುಳ್ಳಿ. ನಾನು ಸಾಕು ಎಂದರೆ, "ನಿನಗಲ್ಲ ಬೇ, ಕೂಸಿಗೆ" ಎನ್ನುವಳು. ಆ ಮಾತಿನ ಮುಂದೆ ಯಾವ ಬಾಣಂತಿಯೂ ಗೆದ್ದಿಲ್ಲ.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನೆಲಮಹಡಿಯಲ್ಲಿ ಓನರ್ ಆಂಟಿ ಇದ್ದರು. ಈ ಕುಂದಲಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವವರು. ರಾಗಿ ಬೆಳೆದ ಹೊಲದ ಮೇಲೆ ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದರೂ ಮಾತಿನಲ್ಲಿ ಹೊಲ ಹಾಗೇ ಇತ್ತು. ಮಗುವಿನ ಅಳು ಕೇಳಿ ಒಂದು ಸಂಜೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ ತೀರ್ಪು ಕೊಟ್ಟರು.

"ಆಲು ಸಾಲ್ತಿಲ್ಲ ಕಣವ್ವ. ಮಗಿಗೆ ಒಟ್ಟೆ ಅಸೀತೈತೆ. ನೀವು ಕೋಳಿ ಸಾರು ಕುಡಿಯಾಕಿಲ್ವಲ್ಲ, ಅದಕ್ಕೇ ಇಂಗೆ."

ಅವ್ವನ ವಿಭೂತಿಯ ಹಣೆ ಸ್ವಲ್ಪ ಗಂಟಿಕ್ಕಿತು. "ಕೋಳಿ ತಿನ್ನಲಾರದ ನಮ್ಮ ಮನಿತನದಾಗ ಎಷ್ಟ್ ಕೂಸು ಬೆಳದಾವ್ರಿ ಅಕ್ಕಾರ" ಎಂದಳು.

"ಬೆಳ್ದವೆ ಬಿಡಿ ತಾಯಿ, ನಾನೇನು ಇಲ್ಲ ಅಂದ್ನಾ? ನಾನು ಸೊಪ್ಪಲ್ಲೇ ಮಾಡ್ಕೊಡ್ತೀನಿ" ಎಂದು ಆಂಟಿ ಇಳಿದು ಹೋದರು. ಅರ್ಧ ಗಂಟೆಯಲ್ಲಿ ಸಬ್ಬಸಿಗೆ ಸೊಪ್ಪಿನ ಉಪ್ಪುಸಾರು, ಬಿಸಿ ಮುದ್ದೆ ಮೇಲೆ ಬಂದವು. ಮುದ್ದೆ ತಂಪು, ಬಾಣಂತಿಗೆ ಆಗದು ಎಂದು ಅವ್ವನ ವಾದ. ರೊಟ್ಟಿ ಒಣಕಲು, ಹಾಲು ಹೇಗೆ ಬಂದೀತು ಎಂದು ಆಂಟಿಯ ವಾದ. ಇಬ್ಬರೂ ತಮ್ಮ ತಮ್ಮ ಪಾತ್ರೆಯನ್ನು ನನ್ನ ಮುಂದೆ ಇನ್ನಷ್ಟು ಹತ್ತಿರಕ್ಕೆ ತಳ್ಳುತ್ತಿದ್ದರು. ಇಬ್ಬರ ಮನಸ್ಸೂ ನೋಯಬಾರದೆಂದು ನಾನು ಎರಡನ್ನೂ ತಿಂದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಅದು ನನ್ನ ಹೊಟ್ಟೆಗೆ ಮಾತ್ರ ಅನ್ವಯಿಸಲಿಲ್ಲ. ಅಲ್ಲಿ ಇಬ್ಬರದೂ ಒಂದೇ ಕಾಲವಾಗಿತ್ತು.

ನಾನು ತಿಂದಷ್ಟೂ ಮಗಳು ಹೆಚ್ಚು ಅತ್ತಳು. ಅವಳು ಅತ್ತಷ್ಟೂ ಇವರು ಹೆಚ್ಚು ಮಾಡಿ ಹಾಕಿದರು. ಆಂಟಿ ಒಂದು ದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಳಗೆ ಗೇಟಿನ ಹತ್ತಿರ ಕೆಂಡಕ್ಕೆ ಹಾಕಿದರು. ಘಾಟು ಏಳದಿದ್ದರೆ ದೃಷ್ಟಿ ತಗುಲಿದೆ ಎಂದು ಲೆಕ್ಕ. ಅವತ್ತಿನ ಘಾಟಿಗೆ ಪಾನಿಪುರಿ ತಿನ್ನುತ್ತಿದ್ದ ಕಂಪನಿಯ ಹುಡುಗರೆಲ್ಲ ಸೀನುತ್ತಾ ಚದುರಿದರು. "ದೃಷ್ಟಿ ಅಲ್ಲ, ಆಲೇ" ಎಂದು ಆಂಟಿ ಖಚಿತಪಡಿಸಿದರು.

ಆ ದಿನಗಳಲ್ಲಿ ಮಗಳನ್ನು ಸಮಾಧಾನ ಮಾಡುವ ಒಂದೇ ಒಂದು ದಾರಿ ಕಂಡುಹಿಡಿದವನು ನನ್ನ ಗಂಡ. ತಾರಸಿಗೆ ಒಯ್ದು, ಅವಳನ್ನು ತನ್ನ ಮುಂಗೈ ಮೇಲೆ ಬೋರಲಾಗಿ, ಕೊಂಬೆಯ ಮೇಲೆ ಮಲಗಿದ ಬೆಕ್ಕಿನ ಮರಿಯ ಹಾಗೆ ಮಲಗಿಸಿಕೊಂಡು, ಇನ್ನೊಂದು ಕೈಯಲ್ಲಿ ಬೆನ್ನು ಸವರುತ್ತಾ ನೀರಿನ ಟ್ಯಾಂಕಿನ ಸುತ್ತ ನಡೆಯುವುದು. ಆಮೇಲೆ ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ತಟ್ಟುವುದು. ತಟ್ಟಿ ತಟ್ಟಿ ಒಂದು ತೇಗು ಬಂದರೆ ಮುಗಿಯಿತು, ಮೈ ಸಡಿಲವಾಗಿ, ಮುಷ್ಟಿ ಬಿಚ್ಚಿಕೊಂಡು, ಏನೂ ನಡೆದೇ ಇಲ್ಲ ಎನ್ನುವ ಹಾಗೆ ಸುತ್ತ ನೋಡುವಳು. ಅಷ್ಟು ಪುಟ್ಟ ಬಾಯಿಂದ ಮದುವೆ ಊಟ ಮುಗಿಸಿದ ಯಜಮಾನರ ತೇಗು! ಮೊದಲ ಸಲ ಕೇಳಿದಾಗ ನಾನೂ ಅವ್ವನೂ ಚಪ್ಪಾಳೆ ತಟ್ಟಿದೆವು. ಗದ್ದಲ ಕೇಳಿ ಆಂಟಿ ಕೆಳಗಿನಿಂದ ಕೂಗಿದರು: "ತೇಗಿತಾ?"

"ತೇಗಿತ್ರೀ ಅಕ್ಕಾರ!" ಎಂದು ಅವ್ವ ಗೋಡೆಯಿಂದ ಬಗ್ಗಿ ಕೂಗಿದಳು.

ಅಲ್ಲಿಂದಾಚೆಗೆ ಅದು ಪ್ರತಿ ಸಂಜೆಯ ಪದ್ಧತಿಯಾಯಿತು. ರೊಟ್ಟಿ ಮುದ್ದೆಗಳ ನಡುವೆ ಮಾತು ಬಿಗಿಯಾಗಿದ್ದ ಇಬ್ಬರೂ ತೇಗಿನ ವಿಷಯದಲ್ಲಿ ಒಂದಾದರು. ಅಳು ನಿಂತರೆ ಕೆಳಗಿನಿಂದ ಪ್ರಶ್ನೆ, ಮೇಲಿನಿಂದ ಉತ್ತರ. ಎರಡನೇ ಮಹಡಿಯ ಬಾಡಿಗೆಯವರೂ ಬಟ್ಟೆ ಒಣಹಾಕುತ್ತಾ "ತೇಗಿತಾ ಅಕ್ಕ?" ಎಂದು ಕೇಳತೊಡಗಿದರು. ಗಂಡನಿಗೆ ಸಂಜೆ ಅಮೆರಿಕದವರ ಜೊತೆ ಮೀಟಿಂಗು ಇರುತ್ತಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹೆಗಲ ಮೇಲೆ ಮಗಳನ್ನು ಹಾಕಿಕೊಂಡೇ ತಾರಸಿಯಲ್ಲಿ ಸುತ್ತುತ್ತಿದ್ದ. ಒಮ್ಮೆ ಅವನು ಯಾವುದೋ ರಿಲೀಸು ತಡವಾಗಿದ್ದಕ್ಕೆ ಕಾರಣ ವಿವರಿಸುತ್ತಿದ್ದಾಗ ಮಗಳು ಅವನ ಕಿವಿಯ ಹತ್ತಿರವೇ ಗಡದ್ದಾಗಿ ತೇಗಿದಳು. ಅವ್ವ ಗೋಡೆಯ ಹತ್ತಿರ ಓಡಿ "ತೇಗಿತ್ರೀ!" ಎಂದು ಕೂಗಿದಳು. ಮೀಟಿಂಗಿನಲ್ಲಿದ್ದ ಅವನ ಟೀಮಿನ ಹುಡುಗನೊಬ್ಬ ಕನ್ನಡದಲ್ಲೇ, "ಗುರು, ಮ್ಯೂಟ್ ಮಾಡ್ಕೋ. ಊಟ ಜೋರಾಗಿರೋ ಹಂಗಿದೆ" ಎಂದನಂತೆ. ಗಂಡ ಬಂದು ಹೇಳಿದಾಗ ನಾನು ನಕ್ಕ ನಗುವಿಗೆ ಹೊಲಿಗೆ ಹಾಕಿದ ಜಾಗವೆಲ್ಲ ನೊಂದಿತು.

ಆದರೂ ತೂಕದ ದಿನ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಅವ್ವನ ಚೀಲದಲ್ಲಿ ಮಗುವಿನ ಕುಲಾವಿ ಹುಡುಕುತ್ತಿದ್ದೆ. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ವಸ್ತು ಕೈಗೆ ಸಿಕ್ಕಿತು. ಬಿಚ್ಚಿದರೆ ಬೆಳ್ಳಿಯ ಒಳಲೆ. ಒಂದು ಕಡೆ ಮೂತಿ ಚೂಪಾಗಿರುವ ಪುಟ್ಟ ಬಟ್ಟಲು, ತಾಯಿಯ ಹಾಲಿಲ್ಲದ ಕೂಸಿಗೆ ಮೇಲುಹಾಲು ಕುಡಿಸಲು ಬಳಸುವಂಥದ್ದು. ನನಗೆ ಎಲ್ಲಿತ್ತೋ ಸಿಟ್ಟು ಬಂತು. ಮಗು ಹುಟ್ಟುವ ಮೊದಲೇ, ನನಗೆ ಹಾಲು ಬರುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದಾಳೆ!

ಅಡುಗೆಮನೆಯಲ್ಲಿ ಅವ್ವನೂ ಆಂಟಿಯೂ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಒಳಲೆಯನ್ನು ಅವರ ನಡುವೆ ಇಟ್ಟು, "ಇದನ್ಯಾಕ ತಂದಿ?" ಎಂದು ಕೇಳಿದೆ. ದನಿ ಜೋರಾಗಿಯೇ ಇತ್ತು.

ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಒಳಲೆಯನ್ನು ಸೆರಗಿನಲ್ಲಿ ಒರೆಸಿದಳು. ಹೇಳಿದ್ದು ನನಗಲ್ಲ, ಆಂಟಿಗೆ.

"ಇಕಿ ಹುಟ್ಟಿದಾಗ ನನಗ ಹಾಲು ಬರಲೇ ಇಲ್ರಿ ಅಕ್ಕಾರ. ಏನೆಲ್ಲಾ ತಿಂದೆ, ಯಾರ್‍ಯಾರಿಗೆ ಹರಕಿ ಹೊತ್ತೆ. ಓಣ್ಯಾಗ ಒಬ್ಬಾಕಿ ಹಡದಿದ್ಲು, ಆಕಿ ಒಂದೀಟು ದಿನ ಕುಡಿಸಿದ್ಲು. ಆಕಿ ಗಂಡನ ಮನಿಗೆ ಹೋದ ಮ್ಯಾಲೆ ಆಕಳ ಹಾಲು, ಈ ಒಳಲೆ. ಮಂದಿ ಕೂಸು ನೋಡಾಕ ಬರ್ತಿದ್ರು, ಕೂಸಿನ್ನ ಬಿಟ್ಟು ನನ್ನ ನೋಡಿ ಹೋಗ್ತಿದ್ರು."

ನನಗೆ ಇದು ಗೊತ್ತೇ ಇರಲಿಲ್ಲ. ಮೂವತ್ತು ದಾಟಿದ ಮೇಲೂ ನಾನು ಯಾವ ಹಾಲು ಕುಡಿದು ಬೆಳೆದೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಗಳಿಗೂ ತನ್ನ ಹಾಗೇ ಆದೀತು ಎನ್ನುವ ಭಯವನ್ನು ಅವ್ವ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟು ತಂದಿದ್ದಳು. ಆ ಬಟ್ಟಲುಗಟ್ಟಲೆ ಪಾಯಸವೆಲ್ಲ ಆ ಭಯಕ್ಕೇ ಮಾಡಿದ್ದು. ನನ್ನ ಸಿಟ್ಟು ಇಳಿದು ಹೋಯಿತು. ಅವತ್ತು ನಾನೇ ಇನ್ನೊಂದು ಬಟ್ಟಲು ಪಾಯಸ ಕೇಳಿ ಹಾಕಿಸಿಕೊಂಡೆ. ಆಂಟಿ ಅವ್ವನ ಮೊಣಕಾಲನ್ನು ಎರಡು ಸಲ ತಟ್ಟಿ, ಉಳಿದ ಸೊಪ್ಪನ್ನು ತಮ್ಮ ಕಡೆಗೆ ಎಳೆದುಕೊಂಡರು.

ಚುಚ್ಚುಮದ್ದಿನ ದಿನ ಬಂತು. ಅವ್ವ ಒಳಲೆಯನ್ನು ಕೈಚೀಲದಲ್ಲಿ ಹಾಕಿಕೊಂಡೇ ಆಸ್ಪತ್ರೆಗೆ ಹೊರಟಳು. ನಾನು ನೋಡಿದರೂ ನೋಡದ ಹಾಗಿದ್ದೆ. ನರ್ಸು ಮಗಳ ಬಟ್ಟೆ ಬಿಚ್ಚಿ ತೂಕದ ತಟ್ಟೆಯಲ್ಲಿ ಮಲಗಿಸುವಾಗ ಅವ್ವ ಕಣ್ಣು ಮುಚ್ಚಿಕೊಂಡು ಏನನ್ನೋ ಪಠಿಸುತ್ತಿದ್ದಳು. ಡಾಕ್ಟರಮ್ಮ ಅಂಕಿ ನೋಡಿದರು, ಹಿಂದಿನ ಅಂಕಿ ನೋಡಿದರು, ಮಗಳ ತೊಡೆಯ ಮಡಿಕೆಗಳನ್ನು ನೋಡಿದರು, ಆಮೇಲೆ ನಗಲು ಶುರುಮಾಡಿದರು.

"ಯಾರ್ರೀ ಹೇಳಿದ್ದು ಹಾಲು ಸಾಲ್ತಿಲ್ಲ ಅಂತ? ತೂಕ ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತೀನೇ ಆಗಿದೆ."

ಅಲ್ಲೇ ನನ್ನನ್ನು ಕೂರಿಸಿ ಹಾಲು ಕುಡಿಸಲು ಹೇಳಿದರು. ಮಗಳು ಗಟಗಟ ಕುಡಿದಳು, ಕೆಮ್ಮಿದಳು, ಬಾಯಿ ಬಿಟ್ಟಳು. ಬಿಟ್ಟ ಬಾಯಿಗೂ ಮುಖಕ್ಕೂ ಹಾಲು ಚಿಮ್ಮಿತು. ಅವಳು ಕಣ್ಣು ಮುಚ್ಚಿ ಕಿರುಚಿದಳು. ಮನೆಯಲ್ಲಿ ನಾವು ಪ್ರತಿದಿನ ಕಂಡದ್ದೇ, ಆದರೆ ಕಂಡದ್ದನ್ನು ನೋಡಿರಲಿಲ್ಲ.

"ನಿಮ್ಮ ಏರಿಯಾಗೆ ನೀರಿನ ಟ್ಯಾಂಕರ್ ಬರುತ್ತಲ್ಲ? ಅದರ ಪೈಪಿಗೆ ನೀವು ಬಾಯಿ ಇಟ್ಕೊಂಡು ಕುಡೀತೀರಾ?" ಎಂದು ಕೇಳಿದರು ಡಾಕ್ಟರಮ್ಮ. "ಪಾಪ ಮಗು ಅದನ್ನೇ ಮಾಡ್ತಿದೆ. ರಭಸಕ್ಕೆ ಹಾಲಿನ ಜೊತೆ ಗಾಳೀನೂ ನುಂಗ್ತಿದೆ, ಹೊಟ್ಟೆ ಉಬ್ಬಿ ಅಳುತ್ತೆ. ಏನಮ್ಮ ತಿಂತಿದ್ದೀರಾ ನೀವು?"

ನಾನು ಹೇಳತೊಡಗಿದೆ. ಪಾಯಸ, ಉಂಡೆ, ಮೆಂತ್ಯ, ಬೆಳ್ಳುಳ್ಳಿ, ಕೆಳಗಿನ ಮನೆಯ ಸಬ್ಬಸಿಗೆ. ಅರ್ಧಕ್ಕೇ ಅವರು ಕೈ ಅಡ್ಡ ಹಿಡಿದರು. "ಅಯ್ಯೋ, ಸಾಕು! ಇಡೀ ವಾರ್ಡಿಗೆ ಆಗೋಷ್ಟಿದೆ. ಮಾಮೂಲಿ ಊಟ ಮಾಡಿ, ಹಾಲು ಬರಿಸೋ ಔಷಧಿ ಎಲ್ಲ ನಿಲ್ಸಿ. ಹಿಂದಕ್ಕೆ ಒರಗಿ ಕೂತು ಕುಡಿಸಿ. ಮೊದಲು ಜೋರಾಗಿ ಬರೋ ಹಾಲನ್ನ ಸ್ವಲ್ಪ ಹೊರಗೆ ಬಿಟ್ಟು ಆಮೇಲೆ ಮಗೂಗೆ ಕೊಡಿ. ನಡುನಡುವೆ ತೇಗು ತರಿಸಿ. ಸಂಜೆ ಅಳು ಒಂದೇ ಸಲ ನಿಲ್ಲಲ್ಲ, ಕೆಲವು ಮಕ್ಕಳು ಹಾಗೇ. ಬರ್ತಾ ಬರ್ತಾ ಕಮ್ಮಿ ಆಗುತ್ತೆ."

ಅತಿಯಾದರೆ ಅಮೃತವೂ ವಿಷ ಎಂದು ಗಂಡ ಆಟೋದಲ್ಲಿ ಹೇಳಿ ನನ್ನಿಂದ ತಿವಿಸಿಕೊಂಡ. ನನಗೆ ಹಾರಾಡುವಷ್ಟು ಖುಷಿಯಾಗಿತ್ತು. ಸಿಗ್ನಲ್‌ನಲ್ಲಿ ಪಕ್ಕದ ಬೈಕಿನವನಿಗೂ ಹೇಳಿಬಿಡೋಣ ಅನ್ನಿಸುತ್ತಿತ್ತು. ಅವ್ವ ಮಾತ್ರ ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಹೊರಗೆ ನೋಡುತ್ತಾ ಕೂತಿದ್ದಳು. ಗೇಟಿನಲ್ಲೇ ಕಾಯುತ್ತಿದ್ದ ಆಂಟಿಗೆ ಸುದ್ದಿ ಹೇಳಿದಾಗ ಅವರು "ಜಾಸ್ತಿ ಆಯ್ತಂತಾ? ನಮ್ ಸಬ್ಬಸ್ಗೆ ಕಣವ್ವ ಅದು!" ಎಂದರು. ತಪ್ಪಿನಲ್ಲೂ ಪಾಲು ಬಿಟ್ಟುಕೊಡದ ಹೆಂಗಸು.

ಅಂದು ಸಂಜೆ ಕ್ಯಾಬುಗಳ ಹಾರ್ನು ಶುರುವಾಯಿತು, ಮಗಳೂ ಶುರುಮಾಡಿದಳು. ತಾರಸಿಯ ಕರಿಬೇವಿನ ಕುಂಡದ ಪಕ್ಕ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು ಹಿಂದಕ್ಕೆ ಒರಗಿ ಕೂತೆ. ಮೊದಲ ಹಾಲನ್ನು ಬಟ್ಟೆಗೆ ಬಿಡಲು ಹೋದೆ. ಅವ್ವ ತಡೆದಳು. ಕೈಚೀಲದಿಂದ ಒಳಲೆ ತೆಗೆದು ನನ್ನ ಕೈಗಿಟ್ಟಳು.

ನೋಡನೋಡುತ್ತಲೇ ಒಳಲೆ ತುಂಬಿತು. ಅವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ನಾನು ಮಗಳನ್ನು ಎದೆಗೆ ಹಾಕಿಕೊಂಡೆ. ಅವಳು ಕೆಮ್ಮಲಿಲ್ಲ. ಅವಸರವಿಲ್ಲದೆ, ಒಂದೊಂದೇ ಗುಟುಕು ಕುಡಿದಳು, ನಡುವೆ ನಿಲ್ಲಿಸಿ ನನ್ನ ಮುಖ ನೋಡಿದಳು, ಮತ್ತೆ ಕುಡಿದಳು. ಅವ್ವ ತುಂಬಿದ ಒಳಲೆ ಹಿಡಿದು ಹಾಗೇ ನಿಂತಿದ್ದಳು. ಆಮೇಲೆ, ಎದೆಹಾಲನ್ನು ತುಳಿಯುವ ಜಾಗಕ್ಕೆ ಚೆಲ್ಲಬಾರದಲ್ಲ, ಬಗ್ಗಿ ಕರಿಬೇವಿನ ಬುಡಕ್ಕೆ ನಿಧಾನವಾಗಿ ಸುರಿದಳು.

"ನನ್ನ ಪಾಲಿಂದು ಎಲ್ಲಿ ಹೋತು ಅಂತ ಇಷ್ಟು ವರ್ಸ ಕೇಳ್ಕೋತಿದ್ನೆವ್ವಾ" ಎಂದಳು. "ನಿನ್ನ ಹತ್ರ ಬಂದು ಕುಂತಿತ್ತು ನೋಡು."

ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನಗೂ ಅಷ್ಟೇ ಆಯಿತು. ಗಂಡ ಮಗಳನ್ನು ಹೆಗಲಿಗೆ ಹಾಕಿಕೊಂಡು ಟ್ಯಾಂಕಿನ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಅವಳು ಇಡೀ ಬೀದಿಗೆ ಕೇಳುವ ಹಾಗೆ ತೇಗಿದಳು.

"ತೇಗಿತಾ?" ಎಂದು ಆಂಟಿ ಕೆಳಗಿನಿಂದ ಕೂಗಿದರು.

ಅವ್ವ ಗೋಡೆಯ ಹತ್ತಿರ ಹೋದಳು, ಬಗ್ಗಿದಳು, ಕೂಗುವ ಬದಲು ಖಾಲಿ ಒಳಲೆಯನ್ನು ಎತ್ತಿ ತೋರಿಸಿದಳು. ಅಷ್ಟು ಕೆಳಗಿದ್ದ ಆಂಟಿಗೆ ಅದು ಏನು ಕಂಡೀತು? ನಾನೇ ಎದ್ದು ಅವಳ ಪಕ್ಕ ನಿಂತು ಕೂಗಿ ಹೇಳಿದೆ.

"ತೇಗ್ತು ಆಂಟಿ!"